ಹುಳದ ಮನೆಯ ತೊಟ್ಟಿಲು

ಸಾತನೂರಿನ ಆಸುಪಾಸಿನಲ್ಲಿ ಕೂಸಿಗೆ ಮೂಗು ಕಟ್ಟಿತು ಅಂದರೆ ಸಲಹೆಗೆ ಬರವಿಲ್ಲ. ಒಬ್ಬರು ಗಾಳಿ ಸೋಕಿದೆ ಅನ್ನುತ್ತಾರೆ. ಇನ್ನೊಬ್ಬರು ಬಾಣಂತಿ ಕದ್ದು ಮೊಸರು ತಿಂದಿದ್ದಾಳೆ ಅನ್ನುತ್ತಾರೆ. ಮತ್ತೊಬ್ಬರು ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದುಕೊಂಡೇ ಬಂದುಬಿಡುತ್ತಾರೆ. ಕೂಸು ಮಲಗಿರುವ ಕೋಣೆಯ ಕಡೆಗೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಮಾಯಮ್ಮನೂ ನೋಡಲಿಲ್ಲ. ಇದನ್ನು ಹೇಳಿದರೆ ಆ ಊರಿನವರು ನಂಬುವುದೇ ಕಷ್ಟ, ಯಾಕೆಂದರೆ ಒಂದು ಕೋಣೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದರಲ್ಲಿ ಮಾಯಮ್ಮನನ್ನು ಮೀರಿಸಿದವರು ಅಲ್ಲಿ ಇರಲಿಲ್ಲ.

ರೇಷ್ಮೆ ಹುಳ ಸಾಕುವುದರಲ್ಲಿ ಮಾಯಮ್ಮನದು ಎತ್ತಿದ ಕೈ. ಅಂಗಳದ ಆಚೆ ಬದಿಗೆ ಅವಳ ಹುಳದ ಮನೆ. ಮೇಲೆ ಹೆಂಚು, ಎರಡೂ ಗೋಡೆಗೆ ಬಲೆ ಹೊಡೆದ ಕಿಟಕಿ, ಒಳಗೆ ಸೊಪ್ಪು ಹಾಸುವ ಸ್ಟ್ಯಾಂಡುಗಳು. ಹುಳ ಇದ್ದಾಗ ಕೈಕಾಲು ತೊಳೆಯದೆ ಯಾರೂ ಅದರ ಹೊಸ್ತಿಲು ದಾಟುವಂತಿಲ್ಲ. ಊದುಬತ್ತಿ ಹೊಗೆ ಕೂಡದು, ಒಗ್ಗರಣೆಯ ಘಾಟು ಕೂಡದು. ಅವಳ ಗಂಡ ಬೀರಲಿಂಗಯ್ಯ ಕುರಿ ಮೇಯಿಸುವವನು, ಜೇಬಿನಲ್ಲಿ ಸದಾ ಬೀಡಿ ಕಟ್ಟು. ಮನೆಯ ಯಜಮಾನನೇ ಆದರೂ ಹುಳದ ಮನೆಯ ಬಾಗಿಲಿಗೆ ಬಂದರೆ ಅವನಿಗೆ ಬೈಗುಳವೇ ಗತಿ. ಹುಳಕ್ಕೆ ಬಾಯಿಲ್ಲ, ತೊಂದರೆ ಆದರೆ ಹೇಳಿಕೊಳ್ಳುವುದಿಲ್ಲ, ಮೇವು ಬಿಟ್ಟು ಸುಮ್ಮನೆ ಕೂತುಬಿಡುತ್ತದೆ, ನೋಡುವವರಿಗೆ ಕಣ್ಣಿರಬೇಕು ಎಂದು ಅವಳು ಹೇಳುತ್ತಿದ್ದಳು. ರಾಮನಗರದ ಗೂಡಿನ ಮಾರುಕಟ್ಟೆಗೆ ಅವಳ ಗೂಡು ಹೋದರೆ ಕೊಳ್ಳುವವರು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಯಾರ ಮನೆಯದು ಎಂದು ವಿಚಾರಿಸುತ್ತಿದ್ದರು.

ಅಂಥ ಮಾಯಮ್ಮನ ಒಬ್ಬಳೇ ಮಗಳು ಪುಟ್ಟಿ. ಅವಳನ್ನು ಹಾರೋಹಳ್ಳಿಗೆ ಕೊಟ್ಟಿದ್ದರು. ಅಳಿಯ ಶಿವರಾಜು ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಪುಟ್ಟಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಬಾಣಂತಿಯನ್ನು ಎಲ್ಲಿ ಮಲಗಿಸುವುದು ಎಂಬ ಮಾತು ಬಂದಾಗ ಮಾಯಮ್ಮ ಎರಡು ಸಲ ಯೋಚಿಸಲಿಲ್ಲ. ಪಡಸಾಲೆಗೆ ಹೊಂದಿಕೊಂಡೇ ಕುರಿ ಕಟ್ಟುವ ಚಪ್ಪರ, ಒಳಗೆ ಅಡುಗೆಯ ಹೊಗೆ. ಆ ಸಲದ ಹುಳದ ಬೆಳೆಯನ್ನೇ ಕೈಬಿಟ್ಟು, ಮಗಳಿಗೆ ಹುಳದ ಮನೆಯನ್ನು ಬಿಟ್ಟುಕೊಟ್ಟಳು. ಊರಿನ ಹೆಂಗಸರು ಬೆರಗಾದರು. ಬೆಳೆ ಬಿಡುವುದು ಅಂದರೆ ಮಾಯಮ್ಮನ ಮಟ್ಟಿಗೆ ಸಣ್ಣ ಮಾತಲ್ಲ. ಮಗಳ ಮೇಲೆ ಅವಳಿಗಿದ್ದ ಪ್ರೀತಿ ಅಂಥದ್ದು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ತೊಟ್ಟಿಲು ಕಟ್ಟುವ ಮುಂಚೆ ಅವಳು ಕೋಣೆಯನ್ನು ತನಗೆ ಗೊತ್ತಿದ್ದ ರೀತಿಯಲ್ಲೇ ಚೊಕ್ಕ ಮಾಡಿದಳು. ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದಳು, ಮೂಲೆ ಮೂಲೆಗೂ ಸುಣ್ಣದ ಪುಡಿ ಉದುರಿಸಿದಳು, ಆಮೇಲೂ ವಾರಕ್ಕೊಮ್ಮೆ ಎರಡನ್ನೂ ಹಾಕುತ್ತಲೇ ಇದ್ದಳು. ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಎತ್ತಿ ಅಟ್ಟದ ಮೇಲೆ ಒಟ್ಟಿದಳು. ಅವುಗಳಿಗೆ ಅಂಟಿದ ಗೂಡಿನ ಎಳೆ, ಒಣಗಿದ ಹಿಕ್ಕೆಯನ್ನೆಲ್ಲ ಮುಂದಿನ ಬೆಳೆಗೆ ಮುಂಚೆ ಸುಟ್ಟು ತೊಳೆದರಾಯಿತು ಎಂದುಕೊಂಡಳು. ಬಾಣಂತಿಗೆ ಗಾಳಿ ಆಗದು ಎಂದು ಎರಡು ಕಿಟಕಿಗೂ ಗೋಣಿಚೀಲ ತುರುಕಿದಳು. ಬೀರಲಿಂಗಯ್ಯ ತಾತನ ಕಾಲದಲ್ಲಿ ಮನೆಯ ಕುರಿಯ ಉಣ್ಣೆಯಲ್ಲೇ ನೇಯಿಸಿದ ಹಳೆಯ ಕರಿ ಕಂಬಳಿ ತಂದು ಕೂಸಿನ ಕೆಳಗೆ ಹಾಸಿದ. ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ, ಒಸಿ ಬೆಳ್ಳುಳ್ಳಿ ಸಿಪ್ಪೆ, ಓಮಿನ ಕಾಳು. ಆ ಹೊಗೆಯ ಮೇಲೆ ಕೂಸನ್ನು ಹಿಡಿದು ತಲೆ ಆರಿಸುವುದು, ಇದು ಮಾಯಮ್ಮನ ಅವ್ವ ಮಾಡಿದ್ದು, ಅವಳ ಅವ್ವ ಮಾಡಿದ್ದು.

ಎರಡು ತಿಂಗಳು ತುಂಬುವ ಹೊತ್ತಿಗೆ ಕೂಸಿಗೆ ಮೂಗು ಕಟ್ಟತೊಡಗಿತು. ಕೆನ್ನೆ ಕೆಂಪಗೆ ಒರಟಾಯಿತು. ಆಮೇಲೆ ಎದೆಯಲ್ಲಿ ಗೊರಗೊರ. ಪುಟ್ಟಿ ಕಿಟಕಿಯ ಚೀಲ ಒಸಿ ತೆಗೆಯೋಣವೇ ಎಂದು ಕೇಳಿದರೆ, ಗಾಳಿ ಬಂದೇ ಹೀಗಾಗಿದೆ ಎಂದು ಮಾಯಮ್ಮ ಇನ್ನೊಂದು ಚೀಲ ತುರುಕಿದಳು. ಗೊರಗೊರ ಜಾಸ್ತಿಯಾದಂತೆಲ್ಲ ಸಾಂಬ್ರಾಣಿಯೂ ಜಾಸ್ತಿಯಾಯಿತು.

ಆಶಾ ಕಾರ್ಯಕರ್ತೆ ಯಶೋಧಾ ಕೂಸನ್ನು ನೋಡಲು ಆಗಾಗ ಬರುತ್ತಿದ್ದಳು. ಕುದೂರು ಕಡೆಯ ಹೆಣ್ಣು, ಈ ಊರಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಅಂಗಡಿ ವ್ಯಾಪಾರ, ಹುಳದ ವಿಷಯ ಅವಳಿಗೆ ಅಷ್ಟಕ್ಕಷ್ಟೆ. ಒಂದು ದಿನ ಅವಳು ಬಾಗಿಲು ದಾಟುತ್ತಿದ್ದಂತೆ ಎರಡು ಸಲ ಸೀನಿದಳು. ಕೂಸಿನ ಎದೆಗೆ ಕಿವಿಗೊಟ್ಟು ಕೇಳಿ, ಇದನ್ನು ಕನಕಪುರದ ಮಕ್ಕಳ ಡಾಕ್ಟರಿಗೆ ತೋರಿಸಬೇಕು, ಅಲ್ಲಿಯವರೆಗೆ ಈ ಹೊಗೆ, ಈ ಪುಡಿ ಎರಡನ್ನೂ ನಿಲ್ಲಿಸಿ ಎಂದು ಮೆತ್ತಗೆ ಹೇಳಿದಳು. ಬ್ಲೀಚಿಂಗ್ ವಾಸನೆ ಈಗಲೂ ಮೂಗಿಗೆ ಹೊಡೆಯುತ್ತಿದೆ ಎಂದಳು.

ಮಾಯಮ್ಮನಿಗೆ ಅದು ನೆಟ್ಟಗೆ ನಾಟಿತು. "ವಾಸ್ನೆ ಬತ್ತೈತೆ ಅಂದ್ರೆ ಕ್ಲೀನಾಗೈತೆ ಅಂತ ಕಣವ್ವ," ಎಂದಳು. "ಈ ಊರಲ್ಲಿ ಇದಕ್ಕಿಂತ ಚೊಕ್ಕಾಗಿರೋ ರೂಮು ಯಾರ ಮನೇಲೈತೆ, ನೀನೇ ಹೇಳು."

ನಿಜಕ್ಕೂ ಅದಕ್ಕಿಂತ ಚೊಕ್ಕವಾಗಿ ಕಾಣುವ ಕೋಣೆ ಊರಲ್ಲಿ ಇರಲಿಲ್ಲ. ಯಶೋಧಾ ಪುಟ್ಟಿಯ ಕಡೆ ತಿರುಗಿ, ಕೂಸು ಹಾಲು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಒಂದು ಗಳಿಗೆಯೂ ಕಾಯಬೇಡ, ನನಗೆ ಫೋನ್ ಮಾಡು, ಇಲ್ಲವೇ ನೇರ ೧೦೮ಕ್ಕೆ ಮಾಡು ಎಂದು ಹೇಳಿ ಹೋದಳು.

ಅದಾದ ಎರಡನೆಯ ಬೆಳಿಗ್ಗೆ ಅದೇ ಆಯಿತು. ಸ್ನಾನ ಮಾಡಿಸಿ ಹೊಗೆ ಹಿಡಿದ ಸ್ವಲ್ಪ ಹೊತ್ತಿಗೆ ಕೂಸಿನ ಉಸಿರು ಸಿಳ್ಳೆ ಹೊಡೆಯತೊಡಗಿತು. ಪ್ರತಿ ಉಸಿರಿಗೂ ಪಕ್ಕೆ ಗುಳಿ ಬೀಳುತ್ತಿತ್ತು. ಮೊಲೆ ಬಾಯಿಗಿಟ್ಟರೆ ಹಿಡಿಯುತ್ತಿರಲಿಲ್ಲ. ಪುಟ್ಟಿ ನೇರ ೧೦೮ಕ್ಕೆ ಫೋನ್ ಮಾಡಿದಳು. ಆಂಬುಲೆನ್ಸಿನಲ್ಲಿ ಕನಕಪುರ ಮುಟ್ಟುವವರೆಗೆ ಮಾಯಮ್ಮ ಕೂಸಿನ ಪಾದ ಹಿಡಿದುಕೊಂಡು ಕೂತಿದ್ದಳು. ಅವಳು ಬದುಕಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಸಾನಾ ಕೂಸಿಗೆ ಆಮ್ಲಜನಕ ಕೊಟ್ಟರು, ಮಾಸ್ಕ್ ಇಟ್ಟು ಔಷಧಿಯ ಆವಿ ಎಳೆಸಿದರು. ಸಂಜೆಯ ಹೊತ್ತಿಗೆ ಸಿಳ್ಳೆ ಇಳಿಯಿತು. ಮಾರನೆಯ ದಿನ ಕೂಸು ಹಾಲು ಕುಡಿದು ನಿದ್ದೆ ಹೋಯಿತು. ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಾರಾ, ಹೊಗೆ ಹಾಕುತ್ತೀರಾ, ಕೂಸು ಮಲಗುವ ಕಡೆ ಏನೇನಿದೆ ಎಂದು ಡಾಕ್ಟರ್ ಕೇಳಿದರು. ಕೂಸಿಗೆ ನೆಗಡಿಯ ಸೋಂಕೂ ಇದ್ದಿರಬಹುದು, ಎಲ್ಲ ಕೆಮ್ಮಿಗೂ ಧೂಳೊಂದೇ ಕಾರಣವಲ್ಲ. ಆದರೆ ಇಷ್ಟು ಸಣ್ಣ ಎದೆಗೆ ಹೊಗೆ, ಧೂಳು ಸೇರಿದರೆ ಸಣ್ಣ ನೆಗಡಿಯೂ ದೊಡ್ಡದಾಗುತ್ತದೆ ಎಂದು ಬಿಡಿಸಿ ಹೇಳಿದರು.

"ಔಷಧಿ ನಾನು ಕೊಡ್ತೀನಮ್ಮ," ಎಂದರು ಅವರು. "ಆದರೆ ಮಗು ಎಳ್ಕೊಳ್ಳೋ ಗಾಳಿ ನಿಮ್ಮ ಮನೇದು."

ಮಾಯಮ್ಮ ತಲೆಯಾಡಿಸಿದಳು. ಮನಸ್ಸಿಗೆ ಮಾತ್ರ ಇಳಿಯಲಿಲ್ಲ. ಔಷಧಿ ಬಿದ್ದಿತು, ಕೂಸು ನೆಟ್ಟಗಾಯಿತು, ಮುಗಿಯಿತು ಎಂದು ಅವಳ ಲೆಕ್ಕ. ಊರಿಗೆ ಬಂದವಳು ಮಗಳನ್ನೂ ಕೂಸನ್ನೂ ಮತ್ತೆ ಅದೇ ಕೋಣೆಗೆ ಕರೆದುಕೊಂಡು ಹೋದಳು, ಅದೇ ಕಂಬಳಿ ಹಾಸಿದಳು. ಡಾಕ್ಟರ್ ಮಾತಿಗೆ ಬೆಲೆ ಕೊಟ್ಟು ಸಾಂಬ್ರಾಣಿ ಒಂದನ್ನು ಬಿಟ್ಟಳು. ಹಾಗಿದ್ದರೂ ಎರಡು ದಿನಕ್ಕೆ ಕೂಸು ಮತ್ತೆ ಗೊರಗೊರ ಅನ್ನತೊಡಗಿತು.

ಪುಟ್ಟಿ ಹುಟ್ಟಿದಾಗಿನಿಂದ ಅವ್ವನಿಗೆ ಎದುರಾಡಿದವಳಲ್ಲ. ಆ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಎದ್ದಳು, ಅಂಗಳ ದಾಟಿ ಹೊಂಗೆ ಮರದ ನೆರಳಿಗೆ ಹೋಗಿ ಕೂತಳು. "ಇನ್ನ ನಾನು ಆ ರೂಮಿಗೆ ಬರಾಕಿಲ್ಲ ಕಣವ್ವ," ಎಂದಳು. "ಆಸ್ಪತ್ರೇಲಿ ಚೆಂದಾಗಿತ್ತು. ಈ ರೂಮಿಗೆ ಬಂದ್ಮೇಲೇ ಹಿಂಗಾಗಿದ್ದು."

ಮಾಯಮ್ಮನಿಗೆ ಎದೆಗೆ ಒದ್ದಂತಾಯಿತು. ಬೆಳೆ ಬಿಟ್ಟು ಕೊಟ್ಟ ಕೋಣೆ ಅದು. ಮನೆಯಲ್ಲಿ ಇದ್ದದ್ದರಲ್ಲಿ ಒಳ್ಳೆಯದನ್ನೇ ಕೊಟ್ಟರೆ ಮಗಳು ಹೊರಗೆ ಮರದ ಕೆಳಗೆ ಕೂರುತ್ತಾಳೆ, ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಅವಳು ಯಶೋಧಾಳಿಗೆ ಹೇಳಿ ಕಳಿಸಿದಳು. ಬಂದ ಯಶೋಧಾಳನ್ನು ಕೈಹಿಡಿದು ಹುಳದ ಮನೆಯೊಳಕ್ಕೆ ಕರೆದುಕೊಂಡು ಹೋದಳು.

"ಬಾರವ್ವ, ನೀನೇ ನೋಡು. ಎಲ್ಲೈತೆ ಕೊಳೆ, ತೋರ್ಸು," ಎಂದಳು.

ಒಳಗೆ ಕತ್ತಲು. ಸರಿಯಾಗಿ ಕಾಣಲಿ ಎಂದು ಮಾಯಮ್ಮನೇ ಹೋಗಿ ಕಿಟಕಿಯ ಗೋಣಿಚೀಲ ಕಿತ್ತಳು. ಪಡುವಣ ಬಿಸಿಲು ಒಂದು ಕೋಲಿನಂತೆ ಕೋಣೆಯ ನಡುವೆ ಬಿತ್ತು. ಅಟ್ಟದ ಮೇಲೆ ಏನಿದೆ ಎಂದು ಯಶೋಧಾ ಕೇಳಿದಳು. ಅದು ಚಂದ್ರಿಕೆ, ಅದರಲ್ಲೇನು ಇರುತ್ತದೆ ಎಂದು ಮಾಯಮ್ಮ ಒಂದನ್ನು ಎಳೆದು ಅಲ್ಲಾಡಿಸಿ ತೋರಿಸಿದಳು.

ಬಿಸಿಲಿನೊಳಗೆ ಅದೆಲ್ಲ ಉದುರಿತು. ಗೂಡಿನ ಸಣ್ಣ ಸಣ್ಣ ಎಳೆ, ಹಿಕ್ಕೆಯ ಪುಡಿ, ಒಣಗಿದ ಸೊಪ್ಪಿನ ಹೊಟ್ಟು, ಎಲ್ಲೋ ಬಿರಿದ ಗೂಡಿನಿಂದ ಬಂದ ಚಿಟ್ಟೆಯ ರೆಕ್ಕೆಯ ಪುಡಿ. ನೆಲದ ಸುಣ್ಣವೂ ಎದ್ದಿತು. ಅದು ಕೆಳಗೆ ಬೀಳುತ್ತಲೂ ಇರಲಿಲ್ಲ, ಬಿಸಿಲಿನಲ್ಲಿ ನಿಧಾನಕ್ಕೆ ತಿರುಗುತ್ತಾ ತೊಟ್ಟಿಲಿನ ಮೇಲೆ ಇಳಿಯುತ್ತಿತ್ತು. ಮಾಯಮ್ಮ ಕೆಮ್ಮಿದಳು. ಪ್ರತಿ ಸಲ ಗೂಡು ಬಿಡಿಸುವಾಗ ಅವಳಿಗೆ ಬರುವ ಕೆಮ್ಮೇ ಅದು. ಹುಳ ಸಾಕುವವರಿಗೆ ಇದೆಲ್ಲ ಇದ್ದದ್ದೇ ಎಂದು ವರ್ಷಗಟ್ಟಲೆ ಅದನ್ನು ಕೆಮ್ಮಿಕೊಂಡೇ ಬಂದಿದ್ದಳು.

ಮಾಯಮ್ಮ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ ಸುತ್ತ ನೋಡಿದಳು, ಹೊಸದಾಗಿ ಹುಳ ಬಿಡುವ ಮುಂಚೆ ಕೋಣೆಯನ್ನು ನೋಡುತ್ತಿದ್ದ ಕಣ್ಣಿನಲ್ಲೇ ನೋಡಿದಳು. ಕಟ್ಟಿದ ಕಿಟಕಿ. ಕಂಬಳಿಯ ಮೇಲೆ ಕೂತ ಬಿಳಿ ಪುಡಿ. ಸಾಂಬ್ರಾಣಿಯ ಮಸಿ ಹಿಡಿದ ಜಂತೆ. ಹೊಸ್ತಿಲ ಮೇಲೆ ಕುಸಿದು ಕೂತಳು.

"ಇಂಥ ರೂಮಿಗೆ ನಾನು ಚಾಕಿ ಹುಳಾನೂ ತರ್ತಿರ್ಲಿಲ್ಲ ಯಶೋದಮ್ಮ," ಎಂದಳು. ಚಾಕಿ ಹುಳ ಅಂದರೆ ಮೊಟ್ಟೆಯೊಡೆದು ಬಂದ ಹಸುಗೂಸಿನಂಥ ಹುಳ. "ಒಂದು ಊದ್ಬತ್ತಿ ಹಚ್ಚಾಕೆ ಬುಡ್ದೋಳು, ಕೂಸಿಗೆ ದಿನಾ ಹೊಗೆ ಕುಡಿಸ್ಬುಟ್ಟೆ."

ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಯಶೋಧಾ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ನಿಮ್ಮ ಪ್ರೀತಿಯಲ್ಲಿ ಏನೂ ತಪ್ಪಿಲ್ಲ, ಇದ್ದದ್ದರಲ್ಲಿ ಒಳ್ಳೆಯ ಜಾಗವನ್ನೇ ಕೊಟ್ಟಿರಿ, ಆದರೆ ಹುಳದ ರೋಗ ಸಾಯಿಸುವ ಪುಡಿ ಕೂಸಿನ ಮೂಗಿಗೆ ಆಗಿಬರುವುದಿಲ್ಲ, ಹುಳ ಬಿಟ್ಟುಹೋದ ಎಳೆ, ಧೂಳು ಕೆಲವರ ಎದೆಗೆ ಒಗ್ಗುವುದೇ ಇಲ್ಲ ಎಂದಳು. ಆಮೇಲೆ ನಿಜವಾಗಿಯೂ ತಿಳಿಯದವಳಾಗಿ ಕೇಳಿದಳು: "ಚಾಕಿ ಹುಳ ಬಿಡೋ ಮುಂಚೆ ಏನೇನ್ ಮಾಡ್ತೀರಮ್ಮ?"

ಮಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳತೊಡಗಿದಳು. ಹುಳದ ಮಾತು ಬಂದರೆ ಅವಳಿಗೆ ದಣಿವಿಲ್ಲ. ಬೇಡದ ಸಾಮಾನು ಒಂದೂ ಒಳಗಿರಕೂಡದು. ಗಾಳಿ ಆಡಬೇಕು, ಆದರೆ ಧೂಳು ಎದ್ದು ಬರಬಾರದು. ಹಾಸಿದ್ದನ್ನು ದಿನವೂ ಬದಲಿಸಬೇಕು, ಹಳೆಯ ಹಾಸಿಗೆಯಲ್ಲೇ ರೋಗ ಕೂತಿರುತ್ತದೆ. ಗೋಡೆ ಒದ್ದೆ ಇರಬಾರದು, ಒದ್ದೆ ಇದ್ದರೆ ಬೂಷ್ಟು. ಹೊರಗಿನಿಂದ ಬಂದವರು ಬಟ್ಟೆ ಬದಲಿಸಬೇಕು. ಹೊಗೆ ಅಂತೂ ದೇವರಾಣೆಗೂ ಕೂಡದು. ಹೇಳುತ್ತಾ ಹೋದಂತೆ ಅವಳ ದನಿ ಸಣ್ಣದಾಯಿತು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಯಾರೂ ಏನನ್ನೂ ಕಲಿಸಬೇಕಾಗಿರಲಿಲ್ಲ. ಎಲ್ಲ ಅವಳಿಗೆ ಗೊತ್ತಿತ್ತು, ಹುಳಕ್ಕೆ ಅಂತ ಗೊತ್ತಿತ್ತು, ಕೂಸಿಗೆ ಅಂತ ಹೊಳೆದಿರಲಿಲ್ಲ ಅಷ್ಟೆ.

ಯಶೋಧಾ ಬಾಯಿ ಬಿಟ್ಟುಕೊಂಡು ಕೇಳಿದಳು. ಟ್ರೈನಿಂಗಿನಲ್ಲಿ ತನಗೆ ಹೇಳಿಕೊಟ್ಟದ್ದನ್ನು ಈ ಹೆಂಗಸು ತನಗಿಂತ ಚೆನ್ನಾಗಿ ಬದುಕಿಯೇ ತೋರಿಸಿದ್ದಾಳೆ ಎನಿಸಿತು. ತನ್ನ ಕಡೆಯಿಂದ ಒಂದಷ್ಟು ಸೇರಿಸಿದಳು. ಹಾಸಿಗೆ, ಕೌದಿಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳುಗಳಿರುತ್ತವೆ, ಅವಕ್ಕೆ ಬಿಸಿನೀರು, ಬಿಸಿಲು ಎರಡೂ ಆಗದು. ಕೂಸು ಇರುವಾಗ ಕಸ ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ತಾಯಿಯ ಹಾಲು ನಿಲ್ಲಿಸಲೇಬಾರದು.

ಮಾಯಮ್ಮ ಎದ್ದ ಮೇಲೆ ಆ ಮನೆಗೆ ಬಿರುಗಾಳಿ ಹೊಕ್ಕಂತಾಯಿತು. ತೊಟ್ಟಿಲು ಹುಳದ ಮನೆಯಿಂದ ಪಡಸಾಲೆಗೆ ಬಂತು. ಪಡಸಾಲೆಯ ಅಟ್ಟದಲ್ಲಿದ್ದ ರಾಗಿ ಚೀಲ, ಹಳೆ ಚಾಪೆ, ಮುರಿದ ಒರಳು, ಯಾರ ಕಾಲದ್ದೋ ಟ್ರಂಕು ಎಲ್ಲವೂ ಕೆಳಗಿಳಿದವು. ಕಂಬಳಿ ಹೋಗಿ ಅದರ ಜಾಗಕ್ಕೆ ಮಾಯಮ್ಮನ ಹಳೆಯ ಹತ್ತಿ ಸೀರೆಗಳು ಬಂದವು, ಒಂದೊಂದೂ ಕುದಿವ ನೀರಿನಲ್ಲಿ ಅದ್ದಿ ಮಟಮಟ ಬಿಸಿಲಲ್ಲಿ ಒಣಗಿದವು. ಅಡುಗೆ ಮನೆಯ ಬಾಗಿಲು ಮುಚ್ಚಿತು, ನೀರು ಕಾಯಿಸುವ ಹಂಡೆ ಹಿತ್ತಲಿಗೆ ಹೋಯಿತು.

ಉಳಿದದ್ದು ಬೀರಲಿಂಗಯ್ಯ ಮತ್ತು ಅವನ ಕುರಿ. ಪಡಸಾಲೆಗೆ ಅಂಟಿಕೊಂಡ ಚಪ್ಪರದಲ್ಲಿ ಕುರಿ ಇರಕೂಡದು ಎಂದು ಮಾಯಮ್ಮ ಅಂದಾಗ ಅವನ ಮುಖ ಬಾಡಿತು. ತಲೆತಲಾಂತರದಿಂದ ಕುರಿಯ ಜೊತೆಗೇ ಮಲಗಿದವರು ನಾವು, ನಮಗೇನಾಗಿದೆ ಎಂದ. ಕಂಬಳಿಯ ಮೇಲೆ ಮಲಗಿಸದಿದ್ದರೆ ಅದು ನಮ್ಮ ಮನೆ ಕೂಸು ಹೇಗಾಗುತ್ತದೆ ಎಂದೂ ಕೇಳಿದ. ಅದು ಬರೀ ಹಟದ ಮಾತಲ್ಲ, ಆ ಕಂಬಳಿಯಲ್ಲಿ ಅವನ ಅಪ್ಪ ಮಲಗಿದ್ದ, ಅವನು ಮಲಗಿದ್ದ, ಪುಟ್ಟಿ ಮಲಗಿದ್ದಳು. ಯಶೋಧಾ ಅವನ ಮಾತಿಗೆ ನಗಲಿಲ್ಲ. ಕುರಿ ಇರುವ ಮನೆಯ ಕೂಸಿಗೆಲ್ಲ ಕುರಿ ಆಗದು ಅಂತಲ್ಲ, ಎಷ್ಟೋ ಮಕ್ಕಳು ಚೆನ್ನಾಗೇ ಬೆಳೆಯುತ್ತವೆ. ಈ ಕೂಸಿನ ಎದೆ ಈಗ ಸೋತಿದೆ, ಅದಕ್ಕೆ ಒಸಿ ಬಿಡುವು ಬೇಕು ಎಂದು ಹೇಳಿದಳು.

"ನಿನ್ ಕುರಿ ಏನೂ ಮಾಡಿಲ್ಲ ಬುಡು," ಎಂದಳು ಮಾಯಮ್ಮ. "ಕುರಿ ಮೈಯುಜ್ಜಿದ ಅಂಗೀಲೇ ಬೀಡಿ ಸೇದ್ಕೊಂಡ್ ಬಂದು ಕೂಸ ಎದೆಗವಚ್ಕೊಳೋನು ನೀನು."

ಬೀರಲಿಂಗಯ್ಯ ತೊಟ್ಟಿಲಿನ ಹತ್ತಿರ ಬಂದ. ಕೂಸಿನ ಪಕ್ಕೆ ಇನ್ನೂ ಬೇಗ ಬೇಗ ಏರಿಳಿಯುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತ. ಹೊರಗೆ ಹೋಗಿ ಹಿತ್ತಲಿನ ಆ ತುದಿಗೆ ಗೂಟ ಹೊಡೆಯತೊಡಗಿದ. ಸಂಜೆಯಷ್ಟರಲ್ಲಿ ಕುರಿಗಳೆಲ್ಲ ಅಲ್ಲಿಗೆ ಹೋದವು. ಅಂದಿನಿಂದ ಅವನು ಕುರಿ ಅಟ್ಟಿಕೊಂಡು ಬಂದವನೇ ಮೈಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು, ಆಮೇಲೆ ಕೈ ಚಾಚುತ್ತಿದ್ದ. ಬೀಡಿ ಪೂರಾ ಬಿಡಲು ಅವನಿಂದ ಆಗಿಲ್ಲ, ಸುಳ್ಳು ಯಾಕೆ ಹೇಳಬೇಕು. ಆದರೆ ಮನೆಯ ಸುತ್ತ ಹಚ್ಚುವುದಿಲ್ಲ, ಸೇದಿದ ಅಂಗಿಯಲ್ಲಿ ಕೂಸನ್ನು ಮುಟ್ಟುವುದೂ ಇಲ್ಲ. ದಿನಕ್ಕೆ ಸೇದುವುದೂ ಕಡಿಮೆಯಾಗಿದೆ. ಮೊಮ್ಮಗಳನ್ನು ಎತ್ತಿಕೊಳ್ಳಲು ಅಷ್ಟು ದೂರ ನಡೆದು, ಅಷ್ಟು ಸಲ ಸ್ನಾನ ಮಾಡುವ ಮುದುಕನನ್ನು ಮೆಚ್ಚದೆ ಇರಲು ಸಾಧ್ಯವೇ?

ಹೊಗೆ ಹಾಕದೆ ಎಂಥ ಬಾಣಂತನ ಎಂದು ನೆರೆಯ ಸಿದ್ದಮ್ಮ ಮೂಗು ಮುರಿದಳು. ತಲೆ ಹೇಗೆ ಆರುತ್ತದೆ, ನಾಳೆ ಕೂಸಿಗೆ ಶೀತ ಹಿಡಿದರೆ ಯಾರು ಹೊಣೆ ಎಂದಳು. ಮಾಯಮ್ಮ ಒಣಗಿದ ಮೆತ್ತನೆ ಬಟ್ಟೆಯಲ್ಲಿ ಕೂಸಿನ ತಲೆ ಒರೆಸುತ್ತಾ, ಎಳೆ ಬಿಸಿಲು ದೇವರು ಪುಕ್ಕಟೆ ಕೊಟ್ಟಿದ್ದಾನೆ, ಕೆಂಡ ಯಾಕೆ ಬೇಕು ಎಂದಳು. ಸಿದ್ದಮ್ಮ ಬಿಡಲಿಲ್ಲ. ತಾವು ಸಾಕಿದ ಮಕ್ಕಳು ಬದುಕಲಿಲ್ಲವೇ ಎಂದು ಕೇಳಿದಳು.

"ಬದುಕವೆ ಸಿದ್ದಿ. ಬದುಕ್ದೆ ಇದ್ದೋವ್ನ ನಾವು ದೃಷ್ಟಿ ಅಂದ್ವಿ, ಗಾಳಿ ಅಂದ್ವಿ," ಎಂದಳು ಮಾಯಮ್ಮ. ಸಿದ್ದಮ್ಮನಿಗೂ ಒಂದು ಕೂಸು ಹೋಗಿತ್ತು, ಬಹಳ ಹಿಂದೆ. ಅದರ ಕಾರಣ ಯಾರಿಗೂ ಗೊತ್ತಿಲ್ಲ, ಈಗ ತಿಳಿಯುವಂತೆಯೂ ಇಲ್ಲ. ಆಮೇಲೆ ಸಿದ್ದಮ್ಮನೇ ಎದ್ದು, ಒಣಗಿದ ಸೀರೆಗಳನ್ನು ಮಡಿಸಿ ಕೊಟ್ಟು ಹೋದಳು.

ಕೂಸಿನ ಎದೆ ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಡಾಕ್ಟರ್ ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ಹಾಕಿದರು, ಕರೆದ ದಿನ ಕನಕಪುರಕ್ಕೆ ಹೋಗಿ ತೋರಿಸಿದರು. ನಡುವೆ ಒಮ್ಮೆ ನೆಗಡಿಯೂ ಬಂತು. ಆದರೆ ಆ ನೆಗಡಿ ಮೂಗಿನಲ್ಲೇ ಮುಗಿಯಿತು, ಎದೆಗೆ ಇಳಿಯಲಿಲ್ಲ. ಕೆನ್ನೆಯ ಒರಟು ಹೋಗಿ ನುಣುಪಾಯಿತು. ಒಂದು ಬೆಳಿಗ್ಗೆ ಪುಟ್ಟಿ ಅವ್ವನನ್ನು ಕರೆದು ಕೂಸಿನ ಎದೆಗೆ ಕಿವಿ ಇಡು ಎಂದಳು. ಮಾಯಮ್ಮ ಕಿವಿ ಇಟ್ಟಳು. ಏನೂ ಕೇಳಲಿಲ್ಲ, ಬರೀ ಉಸಿರು. ಅವಳು ಅಲ್ಲಿಂದ ಬೇಗ ಏಳಲಿಲ್ಲ.

ಡಾಕ್ಟರ್ ಮಾಯಮ್ಮನ ಕೆಮ್ಮನ್ನೂ ಬಿಡಲಿಲ್ಲ, ದೊಡ್ಡವರ ಡಾಕ್ಟರಿಗೆ ತೋರಿಸಿದರು. ಈಗ ಅವಳು ಗೂಡು ಬಿಡಿಸುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟುತ್ತಾಳೆ, ಕೆಲಸ ಮುಗಿದ ಮೇಲೆ ಸೀರೆ ಬದಲಿಸಿಯೇ ಪಡಸಾಲೆಗೆ ಬರುತ್ತಾಳೆ. ಹುಳ ಸಾಕುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹುಳಕ್ಕೆ ಹುಳದ ಮನೆ, ಕೂಸಿಗೆ ಕೂಸಿನ ಮನೆ ಎಂದು ಬೇರೆ ಮಾಡಿಕೊಂಡಿದ್ದಾಳೆ.

ಬಾಣಂತನ ಮುಗಿದು ಮಗಳನ್ನು ಕಳಿಸುವ ದಿನ ಹತ್ತಿರ ಬಂತು. ಅದಕ್ಕೆ ಮುಂಚೆ ತಾನೊಮ್ಮೆ ಹಾರೋಹಳ್ಳಿಗೆ ಹೋಗಿ ಬರುತ್ತೇನೆ ಎಂದು ಮಾಯಮ್ಮ ಹಟ ಹಿಡಿದು ಒಬ್ಬಳೇ ಬಸ್ಸು ಹತ್ತಿದಳು. ಅಳಿಯ ಶಿವರಾಜು ಕೂಸಿಗಾಗಿ ಕೋಣೆ ಸಿಂಗರಿಸಿ ಕಾಯುತ್ತಿದ್ದ. ನೆಲಕ್ಕೆ ದಪ್ಪ ಕಾರ್ಪೆಟ್, ಗೋಡೆಯುದ್ದಕ್ಕೂ ಜೂಲು ಗೊಂಬೆಗಳು, ಮೂಲೆಯಲ್ಲಿ ಸೊಳ್ಳೆ ಬತ್ತಿ, ಕೋಣೆ ತುಂಬ ರೂಮ್ ಸ್ಪ್ರೇ ಪರಿಮಳ. ಬಚ್ಚಲಿನ ಪಕ್ಕದ ಗೋಡೆಯಲ್ಲಿ ಬೂಷ್ಟು ಬಂದಿದ್ದನ್ನು ಒಂದು ಕ್ಯಾಲೆಂಡರಿನಿಂದ ಮುಚ್ಚಿದ್ದ. ಅತ್ತೆ ಹೊಗಳುತ್ತಾಳೆ ಎಂದು ನಗುತ್ತಾ ನಿಂತಿದ್ದ.

ಮಾಯಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಕೂಸು ಮಲಗುವುದು ಎಲ್ಲಿ ಎಂದು ಕೇಳಿದಳು. ಅವನು ತೋರಿಸಿದ ಕಡೆ ಸೆರಗು ಸುತ್ತಿಕೊಂಡು, ಅಷ್ಟು ವಯಸ್ಸಿನ ಹೆಂಗಸು, ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಶಿವರಾಜು ಗಾಬರಿಯಾಗಿ ನೀರು ತರಲು ಓಡಿದ. ಅವಳು ಕೈಸನ್ನೆಯಲ್ಲಿ ಅವನನ್ನು ತಡೆದು, ಕಣ್ಣು ಮುಚ್ಚಿ, ಮೂಗಿನಿಂದ ನಿಧಾನಕ್ಕೆ ಉಸಿರೆಳೆದಳು.

"ನೀನೂ ಒಸಿ ಇಲ್ಲಿ ಬಂದು ಮನೀಕೊಳಪ್ಪ," ಎಂದಳು ಅಳಿಯನಿಗೆ. "ನಿಂತ್ಕೊಂಡ್ರೆ ಗೊತ್ತಾಗಾಕಿಲ್ಲ."

ಶಿವರಾಜು ನಾಚಿಕೊಂಡೇ ಮಲಗಿದ. ಕಾರ್ಪೆಟ್ಟಿನ ಧೂಳು ಮೂಗಿಗೆ ಹೊಡೆಯಿತು, ಸ್ಪ್ರೇ ಪರಿಮಳ ಗಂಟಲಿಗೆ ಹತ್ತಿತು, ಸೊಳ್ಳೆ ಬತ್ತಿಯ ಹೊಗೆ ಕಣ್ಣಿಗೆ ಬಂತು. ನಾಲ್ಕು ಉಸಿರು ಎಳೆದ ಮೇಲೆ ಎದ್ದು ಕೂತು ಸೀನಿದ. ಆಮೇಲೆ ತಾನೇ ಕಾರ್ಪೆಟ್ಟು ಸುತ್ತಿದ. ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ತಂದ. ತೊಳೆಯಲು ಬರುವ ಒಂದು ಗೊಂಬೆ ಮಾತ್ರ ಉಳಿಸಿದ. ಓನರಿಗೆ ಹೇಳಿ ಗೋಡೆಯ ಸೋರಿಕೆ ಕಟ್ಟಿಸಿ ಸುಣ್ಣ ಬಳಿಸಿದ. ಅದೆಲ್ಲ ಮುಗಿದು, ಸುಣ್ಣ ಒಣಗಿ ವಾಸನೆ ಹೋದ ಮೇಲೆಯೇ ಮಾಯಮ್ಮ ಮಗಳನ್ನೂ ಮೊಮ್ಮಗಳನ್ನೂ ಕಳಿಸಿಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಕೂಸು ಬಂದಿದ್ದರೆ, ಬರುವುದಿದ್ದರೆ, ಇದನ್ನು ಇಲ್ಲಿಗೆ ಮಡಿಸಿಟ್ಟು ಕೂಸು ಮಲಗುವ ಕಡೆಗೆ ಹೋಗಿ. ಅದು ಮಲಗುವ ಜಾಗದಲ್ಲಿ ನೀವೂ ಒಮ್ಮೆ ಮಲಗಿ ಉಸಿರೆಳೆದು ನೋಡಿ. ಹೊಗೆ ಬಂದರೆ ಹೊಗೆ ನಿಲ್ಲಿಸಿ, ಧೂಳು ಬಂದರೆ ಒದ್ದೆ ಬಟ್ಟೆ ಹಿಡಿಯಿರಿ, ಬೂಷ್ಟು ಬಂದರೆ ಗೋಡೆ ನೋಡಿ, ಕಿಟಕಿ ಮುಚ್ಚಿದ್ದರೆ ತೆಗೆಯಿರಿ. ಉಸಿರಿಗೆ ಕೂಸು ಕಷ್ಟಪಟ್ಟರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ, ನಿಮ್ಮೂರ ಆಶಾ ಅಕ್ಕನನ್ನು ಕೇಳಿ. ನಮಗೆ ಉಸಿರು ಕಟ್ಟಿದರೆ ನಾವು ಎದ್ದು ಆಚೆ ಹೋಗುತ್ತೇವೆ. ಕೂಸಿಗೆ ಎದ್ದು ಹೋಗಲು ಬರುವುದಿಲ್ಲ, ನಾವು ಮಲಗಿಸಿದಲ್ಲೇ ಅದು ಉಸಿರಾಡಬೇಕು.